ದಾವಣಗೆರೆ ಧೂಳಿಗೆ, ಬಿಸಿಲಿಗೆ ಯಾವ ಬಣ್ಣದ ಸ್ಪೋರ್ಟ್ಸ್ ಕಾರು?

ಪ್ರಶ್ನೆ: ಸರ್, ನಮ್ಮದು ದಾವಣಗೆರೆ. ಹರಿಹರದ ಕಡೆ ರೈಸ್ ಮಿಲ್ ಇದೆ. ಎರಡು ಬಾಗಿಲಿನ ಜರ್ಮನ್ ಸ್ಪೋರ್ಟ್ಸ್ ಕಾರು ಬುಕ್ ಮಾಡುತ್ತಿದ್ದೇನೆ. ಬಣ್ಣ ಹೇಳಲು ಶೋರೂಮ್‌ನವರು ಮುಂದಿನ ತಿಂಗಳವರೆಗೆ ಟೈಮ್ ಕೊಟ್ಟಿದ್ದಾರೆ. ಚಿಕ್ಕವನಿದ್ದಾಗಿಂದ ಕೆಂಪು ಕಾರಿನ ಆಸೆ. ಅಪ್ಪಾಜಿ ಬಿಳಿ ತಗೋ, ಬಿಸಿಲಿಗೆ ತಂಪು, ಮಾರುವಾಗಲೂ ಸುಲಭ ಅಂತಾರೆ. ಶೋರೂಮ್‌ನವರು ಕಪ್ಪು ತೋರಿಸುತ್ತಾರೆ. ಗೆಳೆಯರದ್ದು ಮ್ಯಾಟ್ ಗ್ರೇ ಅಂತ ಹಠ. ನಮ್ಮ ಮನೆಯವರಿಗೆ ಗಾಢ ನೀಲಿ ಇಷ್ಟ. ಒಳಗೆ ಕಪ್ಪು, ಕೆಂಪು, ಟ್ಯಾನ್, ಐವರಿ ಸಿಗುತ್ತವೆ. ಹಗಲು ಕಾರು ಮಿಲ್ ಕಾಂಪೌಂಡಿನಲ್ಲಿ ನಿಲ್ಲುತ್ತದೆ, ರಾತ್ರಿ ಮನೆಯ ಶೆಡ್‌ನಲ್ಲಿ. ಭಾನುವಾರ ಚಿತ್ರದುರ್ಗದ ಕಡೆ ಓಡಿಸುವ ಆಸೆ. ಕೆಂಪು ಬೇಗ ಮಾಸುತ್ತೆ, ಇನ್ಶೂರೆನ್ಸ್ ಕೂಡ ಜಾಸ್ತಿ ಅಂತ ಕೇಳಿದ್ದೇನೆ, ನಿಜವಾ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ಕೆಂಪು ತಗೊಳ್ಳಿ. ಮೆಟಾಲಿಕ್ ಬೇಡ, ಸಾದಾ ಸಾಲಿಡ್ ಕೆಂಪು. ಒಳಗೆ ಟ್ಯಾನ್ ಸೀಟು, ಡ್ಯಾಶ್‌ಬೋರ್ಡ್ ಮೇಲ್ಭಾಗ ಮತ್ತು ಸ್ಟೀರಿಂಗ್ ಕಪ್ಪು.

ನೀವು ಹೇಳಿದ ಬಣ್ಣಗಳಲ್ಲಿ ಬಿಳಿ ನಿಮ್ಮ ತಂದೆಯವರದ್ದು, ಕಪ್ಪು ಶೋರೂಮ್‌ನವರದ್ದು, ಮ್ಯಾಟ್ ಗ್ರೇ ಗೆಳೆಯರದ್ದು, ನೀಲಿ ಮನೆಯವರದ್ದು. ನಿಮ್ಮದು ಅಂತ ಇರೋದು ಕೆಂಪು ಒಂದೇ. ಓಡಾಟಕ್ಕೆ ತಗೊಳ್ಳೋ ಕಾರಾಗಿದ್ದರೆ ನಾನೂ ಬಿಳಿ ಅಥವಾ ಸಿಲ್ವರ್ ಅಂತ ಹೇಳಿ ಮುಗಿಸುತ್ತಿದ್ದೆ. ಇದು ಆಸೆಗೆ ತಗೊಳ್ಳೋ ಕಾರು. ಶೆಡ್ ಬಾಗಿಲು ತೆಗೆದಾಗ ಮನಸ್ಸು ಅರಳಲಿಲ್ಲ ಅಂದ್ರೆ ಅಷ್ಟು ದುಡ್ಡು ಯಾಕೆ ಹಾಕಬೇಕು? ಆದರೆ ಬರೀ ಆಸೆ ನೋಡಿ ಸಲಹೆ ಕೊಟ್ಟರೆ ಅದು ನನ್ನ ಕೆಲಸ ಆಗಲ್ಲ. ಕಾರು ಎಲ್ಲಿ ನಿಲ್ಲುತ್ತೆ, ಯಾವ ನೀರಲ್ಲಿ ತೊಳೀತಾರೆ, ಯಾರು ಒರೆಸ್ತಾರೆ, ಯಾವ ರಸ್ತೆಯಲ್ಲಿ ಓಡುತ್ತೆ, ಇಷ್ಟನ್ನೂ ಲೆಕ್ಕಕ್ಕೆ ಹಿಡಿದೇ ಹೇಳುತ್ತಿದ್ದೇನೆ.

ಒಳಗಿನ ಬಣ್ಣದಿಂದ ಶುರು ಮಾಡೋಣ. ಎಲ್ಲರೂ ಹೊರಗಿನದನ್ನು ಆರಿಸಿ, ಆಮೇಲೆ ಒಳಗಿನದಕ್ಕೆ "ಕಪ್ಪೇ ಇರ್ಲಿ ಬಿಡಿ" ಅಂತ ಮುಗಿಸುತ್ತಾರೆ. ಹೊರಗಿನ ಬಣ್ಣ ಜಾಸ್ತಿ ನೋಡೋದು ಊರಿನವರು. ನೀವು ನೋಡೋದು ಒಳಗಿನದ್ದು. ಚಿತ್ರದುರ್ಗಕ್ಕೆ ಹೋಗಿ ಬರೋ ಅಷ್ಟು ಹೊತ್ತೂ ನಿಮ್ಮ ಕಣ್ಣ ಮುಂದೆ ಇರೋದು ಡ್ಯಾಶ್‌ಬೋರ್ಡು, ಸ್ಟೀರಿಂಗು, ಪಕ್ಕದ ಸೀಟು.

ಐವರಿ ಬೇಡ. ನೋಡೋಕೆ ಬಹಳ ಚೆನ್ನಾಗಿರುತ್ತೆ, ಶೋರೂಮ್ ಲೈಟಿನಲ್ಲಿ ಮನಸ್ಸು ಕರಗಿಬಿಡುತ್ತೆ. ಆದರೆ ಹೊಸ ಜೀನ್ಸ್ ಪ್ಯಾಂಟಿನ ನೀಲಿ ಬಣ್ಣ ಬೆವರಿನ ಜೊತೆ ಸೇರಿ ಸೀಟಿಗೆ ಹತ್ತಿಕೊಳ್ಳುತ್ತೆ. ಬೇಸಿಗೆಯಲ್ಲಿ ಇದು ಕೆಲವೇ ವಾರಗಳಲ್ಲಿ ಕಾಣೋಕೆ ಶುರುವಾಗುತ್ತೆ, ಪ್ರತಿ ಸಲ ಲೆದರ್ ಕ್ಲೀನರ್ ಹಾಕಿ ಉಜ್ಜಿದರೆ ಲೆದರ್ ಮೇಲಿನ ರಕ್ಷಣೆಯ ಪದರವೇ ಸವೆಯುತ್ತೆ. ಮಿಲ್‌ನಿಂದ ಬರುವಾಗ ಬಟ್ಟೆ ಮೇಲೆ ತೌಡಿನ ಪುಡಿ ಇರುತ್ತೆ, ತೌಡಿನಲ್ಲಿ ಎಣ್ಣೆ ಅಂಶ ಇದೆ ಅನ್ನೋದು ನಿಮಗೆ ನಾನು ಹೇಳಬೇಕಾಗಿಲ್ಲ. ಅದು ಸೀಟಿನ ಹೊಲಿಗೆ ಸಂದಿಯಲ್ಲಿ ಕೂತರೆ ತೆಗೆಯೋದು ಕಷ್ಟ. ಇನ್ನು ಯಾರಾದರೂ ಎಲೆಅಡಿಕೆ ಹಾಕಿಕೊಂಡು ಪಕ್ಕದಲ್ಲಿ ಕೂತರೆ, ಮಿರ್ಚಿ ಮಂಡಕ್ಕಿ ಪೊಟ್ಟಣ ಬಿಚ್ಚಿದರೆ, ಆ ಅರಿಶಿನದ ಕಲೆ ಐವರಿ ಮೇಲಿಂದ ಪೂರ್ತಿ ಹೋಗೋದು ಅನುಮಾನ.

ಪೂರ್ತಿ ಕಪ್ಪು ಸುರಕ್ಷಿತ ಆಯ್ಕೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕಲೆಯ ವಿಷಯದಲ್ಲಿ ನಿಜ. ಧೂಳಿನ ವಿಷಯದಲ್ಲಿ ಅಲ್ಲ. ನಮ್ಮ ಕಡೆಯ ಕೆಂಪು ಮಣ್ಣಿನ ಧೂಳು ಕಪ್ಪು ಸೀಟಿನ ಮೇಲೆ ಪುಡಿ ಚೆಲ್ಲಿದ ಹಾಗೆ ಎದ್ದು ಕಾಣುತ್ತೆ. ಏಪ್ರಿಲ್ ಮಧ್ಯಾಹ್ನ ಮಿಲ್ ಅಂಗಳದಲ್ಲಿ ನಿಂತ ಕಾರಿನ ಕಪ್ಪು ಲೆದರ್ ಮೇಲೆ ತೆಳು ಶರ್ಟ್ ಹಾಕಿಕೊಂಡು ಕೂತು ನೋಡಿ, ನಾನು ಹೇಳೋದು ಗೊತ್ತಾಗುತ್ತೆ. ಸ್ಪೋರ್ಟ್ಸ್ ಕಾರಿನ ಮುಂದಿನ ಗಾಜು ಬಹಳ ಓರೆಯಾಗಿ ಮಲಗಿರುತ್ತೆ, ಹಾಗಾಗಿ ಬಿಸಿಲು ಸೀಟಿನವರೆಗೂ ಬರುತ್ತೆ. ಕಪ್ಪು ಫಿಲ್ಮ್ ಅಂಟಿಸಿ ತಪ್ಪಿಸಿಕೊಳ್ಳೋಣ ಅಂದ್ರೆ ಕಾನೂನು ಬಿಡಲ್ಲ. ಮುಂದಿನ, ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ 70, ಪಕ್ಕದ ಗಾಜಿನಲ್ಲಿ ಕನಿಷ್ಠ ಶೇ 50 ಬೆಳಕು ಒಳಗೆ ಬರಲೇಬೇಕು. 2012ರಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮ್ ಬಗ್ಗೆ ಬಿಗಿಯಾಗಿ ಆದೇಶ ಕೊಟ್ಟಿದ್ದು ನಿಮಗೆ ನೆನಪಿರಬಹುದು.

ಪೂರ್ತಿ ಕಪ್ಪಿಗೆ ಇನ್ನೊಂದು ತೊಂದರೆ ಇದೆ. ಎರಡು ಬಾಗಿಲಿನ ಕಾರಿನ ಒಳಗೆ ಜಾಗವೇ ಕಡಿಮೆ. ಸೀಟು, ಬಾಗಿಲು, ಛಾವಣಿ ಎಲ್ಲ ಕಪ್ಪಾದರೆ ಉಸಿರು ಕಟ್ಟಿದ ಹಾಗೆ ಅನ್ನಿಸುತ್ತೆ. ಮನೆಯವರನ್ನು ಕೂರಿಸಿಕೊಂಡು ದೂರ ಹೋಗೋರಿಗೆ ಇದು ಸಣ್ಣ ವಿಷಯ ಅಲ್ಲ.

ಹೊರಗೆ ಕೆಂಪು ಇರುವಾಗ ಒಳಗೂ ಕೆಂಪು ಬೇಡವೇ ಬೇಡ. ಲೆದರ್‌ನ ಕೆಂಪು, ಪೇಂಟಿನ ಕೆಂಪು ಒಂದೇ ಛಾಯೆಯಲ್ಲಿ ಬರೋದು ತೀರಾ ಅಪರೂಪ. ಒಂದು ಕಿತ್ತಳೆ ಕಡೆ ವಾಲಿದರೆ ಇನ್ನೊಂದು ಕುಂಕುಮದ ಕಡೆ ವಾಲಿರುತ್ತೆ. ಬಾಗಿಲು ತೆರೆದಾಗ ಎರಡೂ ಒಟ್ಟಿಗೆ ಕಾಣಿಸಿ ಜಗಳ ಆಡುತ್ತವೆ. ಕೆಂಪು ಸೀಟು ಚೆಂದ ಕಾಣೋದು ಬೆಳ್ಳಿ, ಬಿಳಿ, ಕಪ್ಪು ಕಾರಿನ ಒಳಗೆ.

ಹಾಗಾಗಿ ಟ್ಯಾನ್. ನಮ್ಮ ಧೂಳಿನ ಬಣ್ಣವೂ ಹೆಚ್ಚುಕಮ್ಮಿ ಅದೇ ಆದ್ದರಿಂದ ಎರಡು ದಿನ ಒರೆಸದಿದ್ದರೂ ಕಣ್ಣಿಗೆ ಚುಚ್ಚಲ್ಲ. ಜೀನ್ಸ್ ಕಲೆ ಐವರಿಯಷ್ಟು ಕಾಣಲ್ಲ. ಬಿಸಿಲಿಗೆ ಕಪ್ಪಿನಷ್ಟು ಕಾಯಲ್ಲ. ವಯಸ್ಸಾದ ಹಾಗೆ ಸ್ವಲ್ಪ ಗಾಢವಾದರೂ ಅದು ಲೆದರ್‌ಗೆ ಒಂದು ಗಾಂಭೀರ್ಯ ಕೊಡುತ್ತೆ. ಕೆಂಪಿನ ಜೊತೆ ಟ್ಯಾನ್ ಅನ್ನೋದು ಇಟಲಿಯ ಹಳೇ ಜೋಡಿ, ಫೆರಾರಿ ಕಾರುಗಳಲ್ಲಿ ಎಷ್ಟೋ ವರ್ಷಗಳಿಂದ ನೋಡ್ತಾ ಬಂದಿದ್ದೇವೆ. ಸೀಟಿನಲ್ಲಿ ಗಾಳಿ ಬರುವ ವ್ಯವಸ್ಥೆ, ಅಂದ್ರೆ ವೆಂಟಿಲೇಟೆಡ್ ಸೀಟು ಸಿಕ್ಕರೆ ಬೇರೆ ಏನಾದರೂ ಬಿಟ್ಟು ಅದನ್ನು ಹಾಕಿಸಿಕೊಳ್ಳಿ. ಅದರ ಸಣ್ಣ ತೂತುಗಳಿಗೆ ಮಾತ್ರ ಕ್ರೀಮ್, ಪಾಲಿಶ್ ತುಂಬಿಸಬೇಡಿ.

ಡ್ಯಾಶ್‌ಬೋರ್ಡ್ ಮೇಲ್ಭಾಗ ಯಾಕೆ ಕಪ್ಪೇ ಇರಬೇಕು ಅಂದ್ರೆ, ತಿಳಿ ಬಣ್ಣ ಹಾಕಿಸಿದರೆ ಅದರ ಪ್ರತಿಬಿಂಬ ಮುಂದಿನ ಗಾಜಿನಲ್ಲಿ ಮೂಡುತ್ತೆ. ಗಾಜು ಓರೆಯಾದಷ್ಟೂ ಇದು ಜಾಸ್ತಿ. ಮಧ್ಯಾಹ್ನ ಹೈವೇಯಲ್ಲಿ ಎದುರಿನ ರಸ್ತೆ ಮೇಲೆ ತೆಳು ಪರದೆ ಬಿದ್ದ ಹಾಗೆ ಇರುತ್ತೆ, ಕಣ್ಣು ಸೋಲುತ್ತೆ. ಇದು ಚೆಂದದ ಪ್ರಶ್ನೆ ಅಲ್ಲ, ಸುರಕ್ಷತೆಯದ್ದು. ಟೂ ಟೋನ್ ಅಂತ ಕೇಳಿದರೆ ಮೇಲೆ ಕಪ್ಪು, ಕೆಳಗೆ ಟ್ಯಾನ್ ಕೊಡುತ್ತಾರೆ. ಅದನ್ನೇ ಕೇಳಿ.

ಸ್ಟೀರಿಂಗ್‌ಗೆ ಆಲ್ಕಾಂಟಾರಾ ಹಾಕಿಸಿ ಅಂತ ಸೇಲ್ಸ್‌ನವರು ಆಸೆ ತೋರಿಸಬಹುದು. ಅದು ಲೆದರ್ ಅಲ್ಲ, ಪಾಲಿಯೆಸ್ಟರ್ ಮತ್ತು ಪಾಲಿಯುರೇಥೇನ್ ಸೇರಿಸಿ ಮಾಡಿದ ಬಟ್ಟೆ. 1970ರಲ್ಲಿ ಜಪಾನಿನ ಟೋರೆ ಕಂಪನಿಯ ವಿಜ್ಞಾನಿ ಕಂಡುಹಿಡಿದದ್ದು, ತಯಾರಾಗೋದು ಇಟಲಿಯಲ್ಲಿ. ಒಳ್ಳೆಯ ವಸ್ತುವೇ, ಸೀಟಿನ ನಡುವೆ ಹಾಕಿದರೆ ಜಾರಲ್ಲ, ಬಿಸಿಯೂ ಕಡಿಮೆ. ಆದರೆ ಕೈಯಿಗೆ ಬೆವರು, ತಲೆಗೆ ಕೊಬ್ಬರಿ ಎಣ್ಣೆ ಇರುವ ನಮ್ಮ ಊರಲ್ಲಿ ಸ್ಟೀರಿಂಗ್ ಮೇಲೆ ಅದು ಬೇಗ ಜಿಡ್ಡುಗಟ್ಟಿ ಚಪ್ಪಟೆಯಾಗಿ ಹೊಳೆಯೋಕೆ ಶುರುವಾಗುತ್ತೆ. ಸ್ಟೀರಿಂಗ್‌ಗೆ ನುಣುಪಾದ ಕಪ್ಪು ಲೆದರ್ ಸಾಕು. ಗೇರ್ ಸುತ್ತ ಹೊಳೆಯುವ ಪಿಯಾನೋ ಬ್ಲಾಕ್ ಪ್ಲಾಸ್ಟಿಕ್ ಬದಲು ಅಲ್ಯೂಮಿನಿಯಂ ಅಥವಾ ಮ್ಯಾಟ್ ಕಾರ್ಬನ್ ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ. ಪಿಯಾನೋ ಬ್ಲಾಕ್ ಮೇಲೆ ಧೂಳಿನ ಬೆರಳು ಒಂದು ಸಲ ಆಡಿದರೂ ಗೀರು.

ಈಗ ಹೊರಗೆ ಬರೋಣ.

ಮೊದಲು ನಿಮ್ಮ ಮಿಲ್. ಬಾಯ್ಲರ್‌ಗೆ ಭತ್ತದ ಹೊಟ್ಟು ಉರಿಸುತ್ತೀರಿ ಅಲ್ವಾ? ಆ ಬೂದಿಯಲ್ಲಿ ಶೇ 80ಕ್ಕಿಂತ ಜಾಸ್ತಿ ಇರೋದು ಸಿಲಿಕಾ. ಮರಳಿನಲ್ಲಿ ಇರುವ ಪದಾರ್ಥವೇ ಅದು. ಗಾಳಿಯಲ್ಲಿ ಹಾರಿ ಬಂದು ಬಾನೆಟ್ ಮೇಲೆ ಕೂತಾಗ ಏನೂ ಆಗಲ್ಲ. ಡ್ರೈವರ್ ಬಂದು ಹೆಗಲ ಮೇಲಿನ ಒಣ ಟವೆಲ್ ತೆಗೆದು ಪ್ರೀತಿಯಿಂದ ಒರೆಸ್ತಾನೆ ನೋಡಿ, ಆಗ ಕಾರಿಗೆ ಮರಳು ಕಾಗದ ಉಜ್ಜಿದ ಹಾಗೆ ಆಗುತ್ತೆ. ಸೂರ್ಯನ ಬೆಳಕಿನಲ್ಲಿ ಜೇಡರ ಬಲೆಯಂತೆ ಸುತ್ತು ಸುತ್ತು ಗೀರು ಕಾಣೋದು ಇದರಿಂದಲೇ. ಕಾರಿನ ಮೇಲೆ ಮೊದಲು ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಪಾರದರ್ಶಕ ಕ್ಲಿಯರ್ ಕೋಟ್ ಇರುತ್ತೆ. ಈ ಕ್ಲಿಯರ್ ಕೋಟ್ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಅಂದ್ರೆ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗವೂ ಕಷ್ಟ. ಗೀರು ತೆಗೆಯಲು ಪ್ರತಿ ಸಲ ರಬ್ಬಿಂಗ್ ಪಾಲಿಶ್ ಹೊಡೆದಾಗ ಅದರಲ್ಲೇ ಒಂದಿಷ್ಟು ಸವೆದು ಹೋಗುತ್ತೆ, ಮತ್ತೆ ಬರಲ್ಲ.

ಆಮೇಲೆ ನೀರು. ದಾವಣಗೆರೆ ಇರಲಿ, ಚಿತ್ರದುರ್ಗ ಇರಲಿ, ಬೋರ್‌ವೆಲ್ ನೀರು ಗಡಸು. ಬಿಸಿಲಲ್ಲಿ ತೊಳೆದು ಹಾಗೇ ಒಣಗಲು ಬಿಟ್ಟರೆ ಪ್ರತಿ ಹನಿಯ ಜಾಗದಲ್ಲಿ ಬಿಳಿ ಉಂಗುರ ಉಳಿಯುತ್ತೆ, ಅದು ಸುಣ್ಣದ ಅಂಶ. ವಾರಗಟ್ಟಲೆ ಬಿಟ್ಟರೆ ಕ್ಲಿಯರ್ ಕೋಟನ್ನೇ ತಿನ್ನುತ್ತೆ.

ಈ ಎರಡನ್ನೂ ಇಟ್ಟುಕೊಂಡು ಕಪ್ಪನ್ನು ನೋಡಿ. ಸಣ್ಣ ಗೀರು, ನೀರಿನ ಉಂಗುರ, ಧೂಳು ಎಲ್ಲವನ್ನೂ ಎತ್ತಿ ತೋರಿಸುವ ಬಣ್ಣ ಅದು. ಬಿಸಿಲಿನ ಕಥೆಯೂ ಇದೆ. 2011ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು ಒಂದು ಕಪ್ಪು, ಒಂದು ಸಿಲ್ವರ್ ಹೋಂಡಾ ಸಿವಿಕ್ ಕಾರುಗಳನ್ನು ಬಿಸಿಲಲ್ಲಿ ನಿಲ್ಲಿಸಿ ಅಳತೆ ಮಾಡಿದ್ದರು. ಸಿಲ್ವರ್ ಕಾರಿನ ಛಾವಣಿ 25 ಡಿಗ್ರಿವರೆಗೂ ತಂಪಾಗಿತ್ತು, ಒಳಗಿನ ಗಾಳಿ 5ರಿಂದ 6 ಡಿಗ್ರಿ ತಂಪಾಗಿತ್ತು. ಕಾರಿನ ಆಕಾರವನ್ನೂ ಕಪ್ಪು ನುಂಗುತ್ತೆ. ಹಿಂದಿನ ಚಕ್ರದ ಮೇಲೆ ಉಬ್ಬಿದ ಆ ಭುಜ, ಬಾಗಿಲ ಮೇಲೆ ಎಳೆದ ಗೆರೆ, ಡಿಸೈನರ್ ವರ್ಷಗಟ್ಟಲೆ ಕೂತು ತಿದ್ದಿದ್ದೆಲ್ಲ ಮಧ್ಯಾಹ್ನದ ಹೊತ್ತಿನಲ್ಲಿ ಒಂದು ಕಪ್ಪು ಗುಡ್ಡೆಯಾಗಿ ಕಾಣುತ್ತೆ. ಹವಾನಿಯಂತ್ರಿತ ಗ್ಯಾರೇಜ್, ತೊಳೆಯೋಕೆ ಪಳಗಿದ ಕೈ ಎರಡೂ ಇರುವವರಿಗೆ ಕಪ್ಪು ಸರಿ.

ನಿಮ್ಮ ತಂದೆಯವರ ಮಾತನ್ನು ತಳ್ಳಿಹಾಕೋ ಹಾಗಿಲ್ಲ. ಬಿಳಿ ನಿಜವಾಗಿಯೂ ತಂಪು. ಗೀರು ಕಾಣಲ್ಲ, ರಿಪೇರಿ ಸುಲಭ, ಗಿರಾಕಿ ಬೇಗ ಸಿಗ್ತಾರೆ. ಆದರೆ ನೀವು ಭಾನುವಾರ ಹೋಗೋ ಚಿತ್ರದುರ್ಗದ ಕಡೆ ಗಣಿಗಾರಿಕೆ ಇದೆ, ಭೀಮಸಮುದ್ರ, ಹೊಳಲ್ಕೆರೆ ಕಡೆಯಿಂದ ಅದಿರು ಲಾರಿಗಳು ಓಡಾಡುತ್ತವೆ. ಕಬ್ಬಿಣದ ಅಂಶ ಇರುವ ಕಣಗಳು, ನಿಮ್ಮದೇ ಬ್ರೇಕಿನಿಂದ ಉದುರುವ ಪುಡಿ ಪೇಂಟಿಗೆ ಅಂಟಿ ತುಕ್ಕು ಹಿಡಿದು ಕಿತ್ತಳೆ ಚುಕ್ಕೆ ಆಗುತ್ತವೆ. ಎಲ್ಲ ಬಣ್ಣದ ಮೇಲೂ ಆಗುತ್ತೆ, ಬಿಳಿ ಮೇಲೆ ಕಾಣುತ್ತೆ. ಐರನ್ ರಿಮೂವರ್ ಅಂತ ಸಿಗುತ್ತೆ, ಸಿಂಪಡಿಸಿದರೆ ಕಬ್ಬಿಣ ಇರುವ ಕಡೆ ನೇರಳೆ ಬಣ್ಣ ಇಳಿಯುತ್ತೆ, ಆಗ ಎಷ್ಟು ಅಂಟಿತ್ತು ಅಂತ ಗೊತ್ತಾಗಿ ಗಾಬರಿ ಆಗುತ್ತೆ. ಇನ್ನೊಂದು ನನ್ನ ಸ್ವಂತ ಅಭಿಪ್ರಾಯ. ಸ್ಪೋರ್ಟ್ಸ್ ಕಾರಿನಲ್ಲಿ ಗಾಳಿ ಒಳಗೆ ಹೋಗುವ ಬಾಯಿಗಳು, ಮುಂದಿನ ಬಂಪರ್ ಕೆಳಗೆ ತುಟಿಯಂತೆ ಚಾಚಿರುವ ಸ್ಪ್ಲಿಟರ್, ಹಿಂದಿನ ಬಂಪರ್ ಕೆಳಗಿನ ಡಿಫ್ಯೂಸರ್ ಎಲ್ಲ ಹೆಚ್ಚಾಗಿ ಕಪ್ಪು ಪ್ಲಾಸ್ಟಿಕ್. ಬಿಳಿ ಮೈ ಮೇಲೆ ಅವು ತುಂಡು ತುಂಡಾಗಿ ಕಾಣುತ್ತವೆ. ಅದೂ ಅಲ್ಲದೆ ಪಿ.ಬಿ. ರಸ್ತೆಯಲ್ಲಿ ನಿಂತು ನೋಡಿ, ಹಾದುಹೋಗುವ ಕಾರುಗಳಲ್ಲಿ ಬಿಳಿಯದ್ದೇ ಸಾಲು.

ಮ್ಯಾಟ್ ಗ್ರೇ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ, ಕಂಪನಿಯಿಂದ ಮ್ಯಾಟ್ ಪೇಂಟ್ ತರಿಸಬೇಡಿ. ಮ್ಯಾಟ್ ಮೇಲೆ ಗೀರು ಬಿದ್ದರೆ ಪಾಲಿಶ್ ಹೊಡೆಯೋ ಹಾಗಿಲ್ಲ, ಹೊಡೆದ ಜಾಗ ಹೊಳೆಯೋಕೆ ಶುರುವಾಗಿ ಎದ್ದು ಕಾಣುತ್ತೆ. ಹಕ್ಕಿ ಹಿಕ್ಕೆ ಬಿದ್ದು ಕಲೆಯಾದರೆ ಆ ಪ್ಯಾನೆಲ್ ಪೂರ್ತಿ ಹೊಸದಾಗಿ ಬಣ್ಣ ಹೊಡೆಸಬೇಕಾಗಬಹುದು. ಆಯುಧ ಪೂಜೆ ದಿನ ಬಾನೆಟ್ ಮೇಲೆ ಅರಿಶಿನ, ಕುಂಕುಮ ಹಚ್ಚದೆ ನಮ್ಮ ಮನೆಗಳಲ್ಲಿ ಬಿಡ್ತಾರಾ? ಮ್ಯಾಟ್ ಮೇಲ್ಮೈ ಒರಟು, ಅರಿಶಿನ ಅದರೊಳಗೆ ಇಳಿದುಬಿಡುತ್ತೆ. ಗೆಳೆಯರ ಆಸೆ ತೀರಿಸಲೇಬೇಕು ಅಂದ್ರೆ ಹೊಳೆಯುವ ಮಾಮೂಲಿ ಪೇಂಟ್ ತಗೊಂಡು ಮೇಲೆ ಮ್ಯಾಟ್ ಪಿಪಿಎಫ್, ಅಂದ್ರೆ ಪೇಂಟ್ ಕಾಪಾಡಲು ಅಂಟಿಸುವ ಫಿಲ್ಮ್ ಹಾಕಿಸಬಹುದು. ಬೇಡ ಅನ್ನಿಸಿದ ದಿನ ಕಿತ್ತರೆ ಕೆಳಗೆ ಹೊಳೆಯುವ ಪೇಂಟ್ ಹಾಗೇ ಇರುತ್ತೆ.

ಗಾಢ ನೀಲಿ ಬಹಳ ಒಳ್ಳೆಯ ಬಣ್ಣ. ಮೆಟಾಲಿಕ್‌ನಲ್ಲಿ ಅಲ್ಯೂಮಿನಿಯಂ ಚೂರುಗಳು ಇರುತ್ತವೆ, ಕಾರಿನ ಬಾಗು ಬಳುಕು ಬೆಳಕಿಗೆ ತಿರುಗಿದಂತೆ ಒಂದು ಕಡೆ ಮಿಂಚಿ ಒಂದು ಕಡೆ ಕತ್ತಲಾಗುತ್ತೆ, ಹಾಗಾಗಿ ಆಕಾರ ಚೆನ್ನಾಗಿ ಕಾಣುತ್ತೆ. ನೀಲಿ ಮತ್ತು ಟ್ಯಾನ್ ಜೋಡಿಯೂ ಸೊಗಸು. ಆದರೆ ಗಾಢ ನೀಲಿ ಅಂದ್ರೆ ಸಂಜೆ ಹೊತ್ತಿಗೆ ಕಪ್ಪೇ, ಕಪ್ಪಿಗೆ ಹೇಳಿದ ತೊಂದರೆಗಳಲ್ಲಿ ಮುಕ್ಕಾಲು ಭಾಗ ಇದಕ್ಕೂ ಸೇರುತ್ತೆ. ಮನೆಯವರ ಮಾತೇ ಕೊನೆಯ ಮಾತು ಅಂತಾದರೆ ಎರಡು ಮೆಟ್ಟಿಲು ತಿಳಿಯಾದ ನೀಲಿ ಕೇಳಿ, ಅದನ್ನು ನಾನು ಕೆಂಪಿನ ಪಕ್ಕದಲ್ಲೇ ಇಡುತ್ತೇನೆ.

ಇನ್ನು ಕೆಂಪು. ಕೆಂಪು ಮಾಸುತ್ತೆ ಅನ್ನೋ ಮಾತು ಎಲ್ಲಿಂದ ಬಂತು ಅಂದ್ರೆ, ಹಿಂದೆ ಕ್ಲಿಯರ್ ಕೋಟ್ ಇರಲಿಲ್ಲ. ಬಣ್ಣವೇ ಮೇಲಿನ ಪದರ. ಬಿಸಿಲಿನ ಅತಿನೇರಳೆ ಕಿರಣ ನೇರವಾಗಿ ಕೆಂಪು ಪಿಗ್ಮೆಂಟಿಗೆ ಹೊಡೆದು ಅದನ್ನು ಒಡೆಯುತ್ತಿತ್ತು. ಹಳೇ ಕೆಂಪು ಕಾರುಗಳ ಛಾವಣಿ ಸುಣ್ಣ ಬಳಿದ ಗುಲಾಬಿ ಬಣ್ಣಕ್ಕೆ ತಿರುಗಿದ್ದನ್ನು ನಾವೆಲ್ಲ ನೋಡಿದ್ದೇವೆ. ಈಗಿನ ಕ್ಲಿಯರ್ ಕೋಟ್‌ನಲ್ಲಿ ಆ ಕಿರಣಗಳನ್ನು ಹೀರುವ ರಾಸಾಯನಿಕ ಇರುತ್ತೆ, ಪಿಗ್ಮೆಂಟ್‌ಗಳೂ ಸುಧಾರಿಸಿವೆ. ಕ್ಲಿಯರ್ ಕೋಟ್ ಚೆನ್ನಾಗಿರುವವರೆಗೆ ಕೆಂಪೂ ಚೆನ್ನಾಗಿರುತ್ತೆ. ರಾತ್ರಿ ಶೆಡ್ ಇದೆ, ಹಗಲಿಗೆ ಮಿಲ್‌ನಲ್ಲೂ ಒಂದು ತಗಡಿನ ನೆರಳು ಮಾಡಿಸಿ. ಬಾಯ್ಲರ್‌ನಿಂದ ದೂರದ ಮೂಲೆಯಲ್ಲಿ, ಗಾಳಿ ಬೀಸುವ ದಿಕ್ಕು ನೋಡಿಕೊಂಡು.

ಇನ್ಶೂರೆನ್ಸ್ ವಿಷಯ ಸುಳ್ಳು. ನಮ್ಮ ದೇಶದಲ್ಲಿ ಪ್ರೀಮಿಯಂ ಲೆಕ್ಕಕ್ಕೆ ಬರೋದು ಕಾರಿನ ಐಡಿವಿ (ಇನ್ಶೂರೆನ್ಸ್‌ನವರು ಕಾರಿಗೆ ಕಟ್ಟುವ ಬೆಲೆ), ಇಂಜಿನ್ ಸಿಸಿ, ವಯಸ್ಸು, ನೋಂದಣಿಯ ವಲಯ ಇಂಥವು. ಬಣ್ಣ ಕೇಳೋದೇ ಇಲ್ಲ.

ಸಾಲಿಡ್ ಕೆಂಪು ಅಂತ ಒತ್ತಿ ಹೇಳಿದ್ದಕ್ಕೆ ರಿಪೇರಿ ಕಾರಣ. ಮೆಟಾಲಿಕ್, ಪರ್ಲ್ ಬಣ್ಣಗಳಲ್ಲಿ ಆ ಚೂರುಗಳು ಯಾವ ಕೋನದಲ್ಲಿ ಕೂರುತ್ತವೆ ಅನ್ನೋದು ಸ್ಪ್ರೇ ಗನ್ ಪ್ರೆಷರ್, ಪೇಂಟ್ ಹೊಡೆಯುವ ಬೂತ್‌ನ ಉಷ್ಣಾಂಶ, ಹೊಡೆಯುವವರ ಕೈ ಎಲ್ಲದರ ಮೇಲೆ ನಿಂತಿರುತ್ತೆ. ಬಣ್ಣದ ಕೋಡ್ ಒಂದೇ ಇದ್ದರೂ ಬಾಗಿಲು ಒಂದು ಛಾಯೆ, ಫೆಂಡರ್ ಒಂದು ಛಾಯೆ ಆಗಬಹುದು, ಅದಕ್ಕೇ ಪಕ್ಕದ ಪ್ಯಾನೆಲ್‌ಗೂ ಸ್ವಲ್ಪ ಹೊಡೆದು ಬ್ಲೆಂಡ್ ಮಾಡುತ್ತಾರೆ. ಮೂರು ಪದರದ ಕೆಂಪುಗಳು ಬರುತ್ತವೆ, ಕ್ಯಾಂಡಿ ಥರ ಒಳಗಿಂದ ಹೊಳೆಯುವಂಥವು. ನೋಡೋಕೆ ಎರಡು ಕಣ್ಣು ಸಾಲದು. ಆದರೆ ನಡುವಿನ ಪದರ ಸ್ವಲ್ಪ ದಪ್ಪವಾದರೂ ಬಣ್ಣವೇ ಬದಲಾಗುತ್ತೆ, ಅದನ್ನು ಸರಿಯಾಗಿ ಹೊಡೆಯುವ ಕೈ ಹುಡುಕಿಕೊಂಡು ಬೆಂಗಳೂರಿಗೆ 260 ಕಿಲೋಮೀಟರ್ ಹೋಗಬೇಕಾದೀತು. ಸಾಲಿಡ್ ಕೆಂಪಿನಲ್ಲಿ ಈ ತಲೆನೋವು ಕಡಿಮೆ. ಒಂದು ಎಚ್ಚರಿಕೆ ಮಾತ್ರ ಇದೆ. ಉಜ್ವಲ ಕೆಂಪಿಗೆ ಕೆಳಗಿನ ಬಣ್ಣವನ್ನು ಮುಚ್ಚುವ ಶಕ್ತಿ ಕಡಿಮೆ, ಹಾಗಾಗಿ ಕೆಳಗೆ ಸರಿಯಾದ ಬಣ್ಣದ ಪ್ರೈಮರ್ ಹಾಕಿ, ಅವಸರ ಮಾಡದೆ ಕೋಟ್ ಮೇಲೆ ಕೋಟ್ ಹೊಡೆಯಬೇಕು. ಅಗ್ಗಕ್ಕೆ ಒಪ್ಪಿಕೊಂಡವರು ಎರಡೇ ಕೋಟ್‌ಗೆ ಮುಗಿಸಿದರೆ ಬಿಸಿಲಲ್ಲಿ ಗೊತ್ತಾಗಿಬಿಡುತ್ತೆ.

ಸ್ಪೋರ್ಟ್ಸ್ ಕಾರು ಅಂದ್ರೆ ಕೆಂಪು ಅಂತ ನಮ್ಮ ತಲೆಯಲ್ಲಿ ಕೂತಿರೋದು ಸುಮ್ನೆ ಅಲ್ಲ. ಮೊದಲು ರೇಸಿನಲ್ಲಿ ಕಂಪನಿಗಳ ಬಣ್ಣ ಇರಲಿಲ್ಲ, ದೇಶಗಳ ಬಣ್ಣ ಇತ್ತು. ಇಟಲಿಗೆ ಕೆಂಪು, ಫ್ರಾನ್ಸ್‌ಗೆ ನೀಲಿ, ಜರ್ಮನಿಗೆ ಬಿಳಿ. 1903ರಲ್ಲಿ ಐರ್ಲೆಂಡಿನಲ್ಲಿ ನಡೆದ ಗೋರ್ಡನ್ ಬೆನೆಟ್ ಕಪ್‌ನಲ್ಲಿ ಬ್ರಿಟನ್ನಿನ ನೇಪಿಯರ್ ಕಾರುಗಳು ಹಸಿರು ಬಳಿದುಕೊಂಡು ಓಡಿದವು, ಮುಂದೆ ಅದೇ ಬ್ರಿಟಿಷ್ ರೇಸಿಂಗ್ ಗ್ರೀನ್ ಆಯಿತು. ಜರ್ಮನಿಯವರು 1930ರ ದಶಕದಲ್ಲಿ ಬೆಳ್ಳಿಗೆ ಬದಲಾದರು. ಆ ಲೆಕ್ಕದಲ್ಲಿ ನಿಮ್ಮ ಜರ್ಮನ್ ಕಾರಿಗೆ ಬೆಳ್ಳಿಯೇ ಸಂಪ್ರದಾಯ, ಮತ್ತು ಧೂಳು ಮುಚ್ಚಿಕೊಳ್ಳುವುದರಲ್ಲಿ ಬೆಳ್ಳಿಯನ್ನು ಮೀರಿಸುವ ಬಣ್ಣ ಇಲ್ಲ. ನಿಮ್ಮ ಪಟ್ಟಿಯಲ್ಲಿ ಅದು ಇಲ್ಲ, ಮನಸ್ಸಿನಲ್ಲೂ ಇಲ್ಲ ಅನ್ನಿಸುತ್ತೆ, ಹಾಗಾಗಿ ಒತ್ತಾಯ ಮಾಡಲ್ಲ. ಜರ್ಮನಿಯ ಪೋರ್ಷೆಯೂ ಗಾರ್ಡ್ಸ್ ರೆಡ್ ಅಂತ ಸಾಲಿಡ್ ಕೆಂಪನ್ನು ದಶಕಗಳಿಂದ ಕೊಡುತ್ತಾ ಬಂದಿದೆ, 1980ರ ದಶಕದ 911 ಅಂದ್ರೆ ಬಹಳ ಜನರಿಗೆ ಆ ಕೆಂಪೇ ನೆನಪಾಗೋದು.

ಹಸಿರು ಅಂದಾಗ ನೆನಪಾಯಿತು, ಇದನ್ನು ಓದುತ್ತಿರುವ ಬೇರೆಯವರಿಗೂ ಹೇಳುತ್ತೇನೆ. ಆಲಿವ್ ಗ್ರೀನ್ ಬಳಿಯೋ ಹಾಗಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದ ಪ್ರಕಾರ ಅದು ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ. ಹಾಗೆಯೇ ಮುಂದೆ ಯಾವತ್ತಾದರೂ ರ‍್ಯಾಪ್ (ಮೈ ಪೂರ್ತಿ ಅಂಟಿಸುವ ಬಣ್ಣದ ಫಿಲ್ಮ್) ಹಾಕಿಸಿ ಪೂರ್ತಿ ಬೇರೆ ಬಣ್ಣ ಮಾಡಿದರೆ ಆರ್‌ಸಿಯಲ್ಲಿ ಬರೆದಿರುವ ಬಣ್ಣಕ್ಕೆ ಅದು ಹೊಂದಲ್ಲ. ಮೊದಲು ಆರ್‌ಟಿಒದಲ್ಲಿ ಕೇಳಿ, ಆರ್‌ಸಿ ತಿದ್ದಿಸಿ, ಇನ್ಶೂರೆನ್ಸ್‌ನವರಿಗೂ ಬರೆದು ತಿಳಿಸಿ.

ಕೆಂಪಿನ ಒಂದು ಕೊರತೆ ನಿಮಗೆ ಗೊತ್ತಿರಬೇಕು. ಹಗಲಲ್ಲಿ ಅಷ್ಟು ದೂರದಿಂದ ಕಾಣುವ ಬಣ್ಣ ಮುಸ್ಸಂಜೆಯಲ್ಲಿ ಕಪ್ಪಾಗಿ ಹೋಗುತ್ತೆ. ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಕೆಂಪನ್ನು ಸರಿಯಾಗಿ ಹಿಡಿಯಲ್ಲ, ನೀಲಿ ಹಸಿರನ್ನು ಚೆನ್ನಾಗಿ ಹಿಡಿಯುತ್ತೆ. ಪುರ್ಕಿನ್ಯೆ ಅನ್ನುವ ಜೆಕ್ ವಿಜ್ಞಾನಿ ಇದನ್ನು ಗುರುತಿಸಿದ್ದರು, ಇವತ್ತಿಗೂ ಅವರ ಹೆಸರಲ್ಲೇ ಕರೆಯುತ್ತಾರೆ. ನಿಮ್ಮ ಕಾರು ನೆಲಕ್ಕೆ ಹತ್ತಿರ, ಲಾರಿ ಡ್ರೈವರ್ ಕೂರೋದು ಎತ್ತರದಲ್ಲಿ. ಸೂರ್ಯ ಇಳಿಯುತ್ತಿದ್ದ ಹಾಗೇ ಹೆಡ್‌ಲೈಟ್ ಹಾಕಿಬಿಡಿ, ಕತ್ತಲಾಗಲಿ ಅಂತ ಕಾಯಬೇಡಿ.

ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಜಲ್ಲಿ ತುಂಬಿದ ಲಾರಿಗಳ ಹಿಂದೆ ಹೋಗೋದನ್ನು ತಪ್ಪಿಸೋಕೆ ಆಗಲ್ಲ. ಕಲ್ಲು ಸಿಡಿದು ಮೂತಿಗೆ ಬಡಿಯುತ್ತೆ, ಕೆಂಪಿನಲ್ಲಿ ಬೂದು ಚುಕ್ಕೆಯಾಗಿ ಕಾಣುತ್ತೆ. ಅದಕ್ಕೆ ಪಿಪಿಎಫ್ ಬೇಕೇ ಬೇಕು. ದುಡ್ಡು ಸಾಲದಿದ್ದರೆ ಮುಂದಿನ ಬಂಪರ್, ಬಾನೆಟ್, ಮುಂದಿನ ಫೆಂಡರ್‌ಗಳು, ಕನ್ನಡಿ, ಹಿಂದಿನ ಚಕ್ರದ ಮುಂಭಾಗ, ಇಷ್ಟಕ್ಕಾದರೂ ಹಾಕಿಸಿ. ಸೆರಾಮಿಕ್ ಕೋಟಿಂಗ್ ಹಾಕಿಸಿದರೆ ಕಲ್ಲು ತಡೆಯುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದರಿಂದ ತೊಳೆಯೋದು ಸುಲಭ ಆಗುತ್ತೆ, ಹೊಳಪು ನಿಲ್ಲುತ್ತೆ, ಅಷ್ಟೇ. ಪಿಪಿಎಫ್ ಸುಮಾರು 150ರಿಂದ 200 ಮೈಕ್ರಾನ್ ದಪ್ಪದ ಫಿಲ್ಮ್, ಏಟು ತಿನ್ನೋದು ಅದೇ.

ತೊಳೆಯುವ ಕ್ರಮ ಡ್ರೈವರ್‌ಗೆ ನೀವೇ ನಿಂತು ತೋರಿಸಿ. ಬೆಳಿಗ್ಗೆ ಬೇಗ, ನೆರಳಲ್ಲಿ, ಮೈ ತಣ್ಣಗಿರುವಾಗ. ಮೊದಲು ಬರೀ ನೀರು ಹೊಡೆದು ಬೂದಿ, ಧೂಳು ಇಳಿಸಬೇಕು. ಆಮೇಲೆ ಶಾಂಪೂಗೆ ಒಂದು ಬಕೆಟ್, ಬಟ್ಟೆ ಜಾಲಿಸಲು ಇನ್ನೊಂದು ಬಕೆಟ್. ಕೊನೆಯ ನೀರು ಮೆದು ನೀರಾಗಿರಲಿ, ಮನೆಯಲ್ಲಿ ಸಾಫ್ಟನರ್ ಇದ್ದರೆ ಅದರದ್ದು, ಇಲ್ಲದಿದ್ದರೆ ಆರ್‌ಒ ನೀರು ಒಂದು ಕ್ಯಾನ್ ಸಾಕು. ಮೈಕ್ರೋಫೈಬರ್ ಟವೆಲ್ ಒತ್ತಿ ಎತ್ತಬೇಕು, ಉಜ್ಜಬಾರದು. ಮಿಲ್‌ನಲ್ಲಿ ನಿಂತಾಗ ಮಾತ್ರ ಯಾರೂ ಕಾರು ಮುಟ್ಟೋದು ಬೇಡ. ಬೂದಿ ಕೂತಿದ್ದರೆ ಕೂತಿರಲಿ.

ಚಕ್ರ ಗಾಢ ಬೂದು ಬಣ್ಣದ್ದು ತಗೊಳ್ಳಿ, ಬ್ರೇಕ್ ಪುಡಿ ಅಷ್ಟು ಕಾಣಲ್ಲ, ಪೂರ್ತಿ ಕಪ್ಪಿನ ಥರ ವಿನ್ಯಾಸವೂ ಮುಚ್ಚಿಹೋಗಲ್ಲ. ಚಕ್ರದ ಒಳಗೆ ಕಾಣುವ ಬ್ರೇಕಿನ ಹಿಡಿ, ಅಂದ್ರೆ ಕ್ಯಾಲಿಪರ್ ಕೆಂಪು ಬೇಡ, ಮೈ ಕೆಂಪು ಇರುವಾಗ ಅದು ಅತಿಯಾಗುತ್ತೆ. ಕಪ್ಪು ಸಾಕು.

ಒಪ್ಪಿಗೆ ಕೊಡುವ ಮುಂಚೆ ಒಂದು ಕೆಲಸ ಮಾಡಿ. ಫೋನಿನಲ್ಲಿ ನೋಡಿ ಬಣ್ಣ ಆರಿಸಬೇಡಿ, ಫೋನಿನ ಪರದೆ ಎಲ್ಲ ಬಣ್ಣವನ್ನೂ ಹಿಗ್ಗಿಸಿ ತೋರಿಸುತ್ತೆ. ಶೋರೂಮ್‌ನಲ್ಲಿ ಪೇಂಟ್ ಹೊಡೆದ ಸಣ್ಣ ತಗಡಿನ ಸ್ಯಾಂಪಲ್, ಲೆದರ್ ತುಂಡು ಇರುತ್ತವೆ. ಎರಡು ದಿನಕ್ಕೆ ಕೇಳಿ ತನ್ನಿ. ಕುಂದವಾಡ ಕೆರೆ ದಂಡೆ ಮೇಲೆ ಬೆಳಿಗ್ಗೆ ಏಳಕ್ಕೆ ಒಂದು ಸಲ, ಮಿಲ್ ಅಂಗಳದಲ್ಲಿ ಮಟಮಟ ಮಧ್ಯಾಹ್ನ ಒಂದು ಸಲ, ಸಂಜೆ ಬೀದಿ ದೀಪದ ಕೆಳಗೆ ಒಂದು ಸಲ, ತಗಡು ಮತ್ತು ಲೆದರ್ ಪಕ್ಕಪಕ್ಕ ಹಿಡಿದು ನೋಡಿ. ಮಧ್ಯಾಹ್ನದ ಬಿಸಿಲಲ್ಲಿ ಕೆಂಪು ಕಿತ್ತಳೆಯ ಕಡೆ ಹೋದ ಹಾಗೆ ಅನ್ನಿಸಿದರೆ ಇನ್ನೊಂದು ಗಾಢ ಕೆಂಪು ಇದೆಯಾ ಅಂತ ಕೇಳಿ. ಅಪ್ಪಾಜಿಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಬಿಸಿಲಲ್ಲಿ ಆ ಕೆಂಪು ನೋಡಿದ ಮೇಲೆ ಅವರೂ ಒಪ್ಪಬಹುದು.

ಡೆಲಿವರಿಗೆ ಮುಂಚೆ ಶೋರೂಮ್‌ನವರಿಗೆ ಬರೆದು ಕೊಡಿ, ಕಾರಿಗೆ ಪಾಲಿಶ್, ವ್ಯಾಕ್ಸ್, ಫ್ರೀ ಕೋಟಿಂಗ್ ಏನೂ ಬೇಡ, ಬರೀ ನೀರಲ್ಲಿ ತೊಳೆದು ಕೊಟ್ಟರೆ ಸಾಕು ಅಂತ. ಆತುರದ ಪಾಲಿಶ್‌ನಿಂದ ಹೊಸ ಕಾರಿಗೇ ಸುತ್ತು ಗೀರು ಬಿದ್ದಿರುವುದನ್ನು ನಾನು ಬಹಳ ನೋಡಿದ್ದೇನೆ. ಅಲ್ಲಿಂದ ನೇರ ಪಿಪಿಎಫ್ ಅಂಗಡಿಗೆ ಹೋಗಲಿ, ಪೂಜೆ ಆಮೇಲೆ. ಅರಿಶಿನ ಕುಂಕುಮವನ್ನು ಫಿಲ್ಮ್ ಮೇಲೆ ಹಚ್ಚಿ, ಆರತಿ ಆದ ಮೇಲೆ ಒದ್ದೆ ಮೈಕ್ರೋಫೈಬರ್‌ನಿಂದ ತೆಗೆದುಬಿಡಿ, ಬಿಸಿಲಲ್ಲಿ ಒಣಗಲು ಬಿಡಬೇಡಿ. ನಿಂಬೆಹಣ್ಣು ಚಕ್ರದ ಕೆಳಗೆ ಇರಲಿ, ರಸ ಪೇಂಟಿಗೆ ಬೇಡ. ಮತ್ತೆ ಬುಕ್ ಮಾಡುವಾಗಲೇ ಆ ಬಣ್ಣದ ಕೋಡ್ ಬರೆಸಿಕೊಂಡು ಒಂದು ಟಚ್ ಅಪ್ ಬಾಟಲಿಯನ್ನೂ ಆರ್ಡರ್ ಮಾಡಿ, ಆಮೇಲೆ ತರಿಸೋಕೆ ಹೋದರೆ ತಿಂಗಳುಗಟ್ಟಲೆ ಕಾಯಿಸುತ್ತಾರೆ.